ಕೊಡದಲ್ಲಿ ಐದೋ ಏಳೋ: ಒಂದು ಪುಟ್ಟ ಭಾಷೆಯ ಟೆಸ್ಟ್‌ಗಳ ಪ್ರಕರಣ

ಯಾದಗಿರಿ ಜಿಲ್ಲೆಯ ಒಂದು ಹೈಸ್ಕೂಲಿನ ಗಣಿತದ ಮೇಷ್ಟ್ರು ಒಂದು ಮಧ್ಯಾಹ್ನ ಫೋನ್ ಮಾಡಿದರು. "ಮೇಡಂ, ನಿಮ್ಮ ಭಾಷಾ ಒಮ್ಮೊಮ್ಮೆ ಸುಳ್ಳು ಹೇಳಲತ್ತದ್ರಿ. ಪೋರಿ ಅದೇ ಪ್ರೋಗ್ರಾಂ ಓಡಿಸ್ಯಾಳ. ಒಮ್ಮೆ ಏಳು ಬರ್ತದ, ಒಮ್ಮೆ ಐದು ಬರ್ತದ. ನಾ ಆಕಿಗೆ ಏನಂತ ಹೇಳ್ಲಿ?"

ಅವರು ಹೇಳುತ್ತಿದ್ದದ್ದು ಕಲಬುರಗಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನೂ ನಾಲ್ವರು ವಿದ್ಯಾರ್ಥಿಗಳೂ ಸೇರಿ ಕಟ್ಟಿದ ಸಣ್ಣ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರೋಗ್ರಾಮಿಂಗ್‌ನ ಮೊದಲ ರುಚಿ ಹತ್ತಿಸಬೇಕು ಅನ್ನೋದೊಂದೇ ಅದರ ಉದ್ದೇಶ. 'ಬರೆ' ಅಂದರೆ ಪರದೆಯ ಮೇಲೆ ತೋರಿಸುತ್ತದೆ, 'ಆದರೆ', 'ಇಲ್ಲವಾದರೆ', 'ತನಕ' ಇವೆಲ್ಲ ಅದರ ಪದಗಳು. ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದು. ಅದರಲ್ಲಿ ಬರೆದದ್ದನ್ನು ಓದಿ ಓಡಿಸುವ ಇಂಟರ್‌ಪ್ರೆಟರನ್ನು ಗೋ ಅನ್ನುವ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇವೆ. ಜೊತೆಗೆ ನಾನೂರು ಚಿಲ್ಲರೆ ಟೆಸ್ಟ್‌ಗಳಿವೆ, ಅಂದರೆ ಭಾಷೆ ಬರಬೇಕಾದ ಉತ್ತರವನ್ನೇ ಕೊಡುತ್ತಿದೆಯಾ ಅಂತ ತಾವೇ ನೋಡುವ ಪುಟ್ಟ ಪ್ರೋಗ್ರಾಂಗಳು. ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು.

ಫೋನ್ ಇಟ್ಟ ಮೇಲೆ ನನಗೆ ಸಮಾಧಾನ ಇರಲಿಲ್ಲ. ಯಾಕೆಂದರೆ ಈ ಐದು-ಏಳರ ಜಗಳ ನಾನು ಮೊದಲೇ ಕಂಡಿದ್ದೆ. ನಮ್ಮ ಲ್ಯಾಬಿನ ಪರದೆಯ ಮೇಲೆ, ಕೆಂಪು ಅಕ್ಷರದಲ್ಲಿ, ಒಂದಲ್ಲ ಹತ್ತು ಸಲ.

ಹಸಿರು ಬರುವ ತನಕ ಒತ್ತುವುದು

ಆಗ ನಮ್ಮ ಟೆಸ್ಟ್‌ಗಳ ಪರಿಸ್ಥಿತಿ ಹೇಗಿತ್ತು ಅಂತ ಮೊದಲು ಹೇಳಬೇಕು. ಯಾರಾದರೂ ಕೋಡ್ ಬದಲಾಯಿಸಿದರೆ ಎಲ್ಲ ಟೆಸ್ಟ್‌ಗಳೂ ಓಡಬೇಕು ಅನ್ನೋ ನಿಯಮ ಇತ್ತು. ಓಡುತ್ತಲೂ ಇದ್ದವು. ಆದರೆ ನಾಲ್ಕೈದು ಸಲಕ್ಕೊಮ್ಮೆ ಎಲ್ಲೋ ಒಂದೆರಡು ಕೆಂಪು ಬರುತ್ತಿತ್ತು. ಬೀದರಿನಿಂದ ಬಂದ ಹುಡುಗ ಒಬ್ಬ ನಮ್ಮ ಗುಂಪಿನಲ್ಲಿದ್ದ, ಬಹಳ ಚುರುಕು. ಅವನು ಪ್ರತಿ ಸಲ ಹೇಳುತ್ತಿದ್ದ: "ಇನ್ನೊಂದ್ ಸಲ ಹೊಡೀರಿ ಮೇಡಂ, ಹಸಿರು ಬರ್ತದ." ಹೊಡೆದರೆ ಬರುತ್ತಿತ್ತು. ಕೆಲಸ ಮುಂದುವರಿಯುತ್ತಿತ್ತು.

ಅವನನ್ನು ದೂರುವುದಿಲ್ಲ. ನಾನೂ ಒತ್ತಿದ್ದೇನೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು ನಲವತ್ತು ದಾಟಿರುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಸಂಜೆಯೊಳಗೆ ಶಾಲೆಗಳಿಗೆ ಹೊಸ ಆವೃತ್ತಿ ಕಳಿಸಬೇಕು. ಅಂಥ ಹೊತ್ತಿನಲ್ಲಿ ಒಂದು ಕೆಂಪು ಬಂದರೆ ಮನಸ್ಸು ಸುಲಭದ ದಾರಿ ಹಿಡಿಯುತ್ತದೆ. ಟೆಸ್ಟ್‌ಗೆ ಏನೋ ಆಗಿದೆ, ನಮ್ಮ ಭಾಷೆ ಸರಿ ಇದೆ ಅಂದುಕೊಳ್ಳುತ್ತದೆ.

ರಿಗ್ರೆಶನ್ ಟೆಸ್ಟ್ ಇರುವುದೇ ಒಂದು ಕೆಲಸಕ್ಕೆ. ಒಮ್ಮೆ ಸರಿಪಡಿಸಿದ ತಪ್ಪು, ಒಮ್ಮೆ ಸರಿಯಾಗಿ ಓಡುತ್ತಿದ್ದ ನಡವಳಿಕೆ, ನಾಳೆ ಯಾರೋ ಬೇರೆ ಕಡೆ ಕೈ ಹಾಕಿದಾಗ ಕೆಡಬಾರದು. ಕೆಟ್ಟರೆ ಅದು ಕೂಗಬೇಕು. 1987ರಲ್ಲಿ ಹೊರಬಂದ ಪರ್ಲ್ ಭಾಷೆಯ ಮೊದಲ ಆವೃತ್ತಿಯ ಜೊತೆಗೇ ಟೆಸ್ಟ್‌ಗಳ ಒಂದು ಕಡತಕೋಶ ಇತ್ತು. ಅಂದರೆ ಭಾಷೆ ಕಟ್ಟುವವರಿಗೆ ಇದು ಹೊಸ ವಿಚಾರ ಏನಲ್ಲ. ಆದರೆ ಸುಮ್ಮಸುಮ್ಮನೆ ಕೂಗುವ ಕಾವಲುಗಾರನ ಮಾತನ್ನು ಊರಿನವರು ಎಷ್ಟು ದಿನ ಕೇಳುತ್ತಾರೆ? ನಮ್ಮಲ್ಲಿ ಆದದ್ದು ಅದೇ. ಕಳ್ಳ ನಿಜವಾಗಿ ಬಂದಾಗಲೂ ನಾವು ಮಗ್ಗುಲು ಬದಲಿಸಿ ಮಲಗಿದೆವು.

ಆ ದಿನ ಸಂಜೆ ಎಲ್ಲರನ್ನೂ ಕೂರಿಸಿ ಒಂದೇ ಒಂದು ನಿಯಮ ಮಾಡಿದೆವು. ಎರಡು ವಾರ ಯಾರೂ ಎರಡನೇ ಸಲ ಒತ್ತುವಂತಿಲ್ಲ. ಕೆಂಪು ಬಂದರೆ ಅದರ ಪೂರ್ತಿ ಔಟ್‌ಪುಟ್ ಉಳಿಸಬೇಕು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾವ ಟೆಸ್ಟ್, ಯಾವ ಕಂಪ್ಯೂಟರ್, ಎಷ್ಟು ಗಂಟೆ, ಅದಕ್ಕೆ ಮುಂಚೆ ಯಾವ ಟೆಸ್ಟ್ ಓಡಿತ್ತು, ಕರೆಂಟ್ ಹೋಗಿತ್ತಾ. ನೂರು ಪುಟದ ಸಾದಾ ನೋಟ್‌ಬುಕ್. ಅದು ಈಗಲೂ ನನ್ನ ಮೇಜಿನ ಮೇಲಿದೆ.

ಕೊಡದ ಒಳಗೆ ಏನಿತ್ತು

ಮೊದಲು ಕೊಡದ ವಿಷಯ. ಮೇಷ್ಟ್ರು ಕಳಿಸಿದ ಪ್ರೋಗ್ರಾಂ ನಮ್ಮ ಪಾಠದ 14ನೇ ಉದಾಹರಣೆಯಿಂದ ಹುಟ್ಟಿದ್ದು. ಸುಮಾರು ನಲವತ್ತು ಸಾಲು. ಕೊಡದಲ್ಲಿ ಐದು ಲೀಟರ್ ನೀರಿದೆ, ಇನ್ನೆರಡು ಲೀಟರ್ ಹಾಕಿದರೆ ಏಳು, ಆಮೇಲೆ ಒಂದು 'ಕೆಲಸ' ಕರೆದು ಅದನ್ನು ತೋರಿಸಬೇಕು. 'ಕೆಲಸ' ಅಂದರೆ ಬೇರೆ ಭಾಷೆಗಳಲ್ಲಿ ಫಂಕ್ಷನ್ ಅನ್ನುತ್ತಾರಲ್ಲ, ಅದು. ಪಾಠದ ಎಲ್ಲ ಉದಾಹರಣೆಗಳೂ ನಮ್ಮಲ್ಲಿ ಟೆಸ್ಟ್‌ಗಳಾಗಿಯೂ ಇದ್ದವು. ಹಾಗಾಗಿ ಈ 14ನೆಯದೂ ಇತ್ತು. ಇದೇ ಒಮ್ಮೊಮ್ಮೆ ಕೆಂಪಾಗುತ್ತಿದ್ದದ್ದು.

ಅದನ್ನು ಸಾವಿರ ಸಲ ಓಡಿಸಿದೆವು. 5 ಬಂದದ್ದು 121 ಸಲ. ಹೆಚ್ಚೂಕಮ್ಮಿ ಎಂಟಕ್ಕೆ ಒಂದು.

ಎಂಟು ಅನ್ನುವ ಸಂಖ್ಯೆ ನೋಡಿದ ಕೂಡಲೇ ಬೀದರಿನ ಹುಡುಗ ನೆಟ್ಟಗೆ ಕೂತ. "ಮ್ಯಾಪ್ ಇರ್ಬೇಕ್ರಿ ಮೇಡಂ," ಅಂದ. ಗೋ ಭಾಷೆಯ ಮ್ಯಾಪ್ ಅಂದರೆ ಹೆಸರಿಗೆ ಬೆಲೆ ಜೋಡಿಸಿಡುವ ಪೆಟ್ಟಿಗೆ. ಅದನ್ನು ಒಂದೊಂದಾಗಿ ಓದುವಾಗ ಯಾವ ಕ್ರಮದಲ್ಲಿ ಬರುತ್ತದೆ ಅನ್ನೋದಕ್ಕೆ ಗೋ ಯಾವ ಮಾತೂ ಕೊಡುವುದಿಲ್ಲ. ಜನ ಕ್ರಮವನ್ನು ನಂಬಿ ಕೂರಬಾರದು ಅಂತ ಬೇಕೆಂದೇ ಪ್ರತಿ ಸಲ ಬೇರೆ ಜಾಗದಿಂದ ಶುರು ಮಾಡುತ್ತದೆ. ನಾವು ಬಳಸುತ್ತಿದ್ದ ಆವೃತ್ತಿ 1.24ಕ್ಕಿಂತ ಹಿಂದಿನದು. ಅದರಲ್ಲಿ ಮ್ಯಾಪ್‌ನ ಒಂದು ಖಾನೆಗೆ ಎಂಟು ಮನೆಗಳು. ಯಾವ ಮನೆಯಿಂದ ಶುರು ಮಾಡಬೇಕು ಅನ್ನೋದು ಚೀಟಿ ಎತ್ತಿದ ಹಾಗೆ. ಅಕ್ಕಪಕ್ಕದ ಎರಡು ಮನೆಗಳ ಕ್ರಮ ಉಲ್ಟಾ ಆಗಬೇಕಾದರೆ ಎರಡನೇ ಮನೆಯಿಂದಲೇ ಶುರುವಾಗಬೇಕು. ಅದು ಎಂಟರಲ್ಲಿ ಒಂದು ಸಲ.

ಹಾಗಾದರೆ ಕೊಡ ಎರಡು ಮನೆಯಲ್ಲಿ ಯಾಕೆ ಕೂತಿದೆ? ಹೆಸರು ಒಂದೇ ಅಲ್ವಾ?

ಇಲ್ಲಿ ಕನ್ನಡದ ಲಿಪಿಯ ಒಂದು ಸೂಕ್ಷ್ಮ ಇದೆ. ಯೂನಿಕೋಡ್ ಅಂದರೆ ಅಕ್ಷರಗಳಿಗೂ ಗುರುತುಗಳಿಗೂ ಒಂದೊಂದು ಸಂಕೇತ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ 'ಕೊ' ಬರೆಯಲು ಎರಡು ದಾರಿ. ಒಂದು, 'ಕ' ಆದ ಮೇಲೆ ಒ-ಕಾರದ ಗುರುತು, ಒಂದೇ ಸಂಕೇತ. ಇನ್ನೊಂದು, 'ಕ' ಆದ ಮೇಲೆ ಎ-ಕಾರದ ಗುರುತು, ಅದರ ಹಿಂದೆ ಊ-ಕಾರದ ಕೊಂಬು, ಎರಡು ಸಂಕೇತ. ಕಣ್ಣಿಗೆ ಎರಡೂ ಒಂದೇ. ಎರಡೂ ಸಮಾನ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಬೈಟ್ ಎಣಿಸಿದರೆ ಬೇರೆ. 'ಕೊಡ' ಒಂದು ರೀತಿಯಲ್ಲಿ ಮೂರು ಸಂಕೇತ, ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 9 ಬೈಟ್. ಇನ್ನೊಂದು ರೀತಿಯಲ್ಲಿ ನಾಲ್ಕು ಸಂಕೇತ, 12 ಬೈಟ್.

ನಮ್ಮ ಪಾಠಗಳು ಮೊದಲು ಹಳೆಯ ನುಡಿ ಫಾಂಟಿನಲ್ಲಿದ್ದವು. ಆ ಫಾಂಟಿನಲ್ಲಿ 'ಕೊ' ಅಂದರೆ 'ಕೆ' ಬರೆದು ಪಕ್ಕಕ್ಕೆ ಕೊಂಬು ಹಚ್ಚುವುದು. ಅದನ್ನು ಯೂನಿಕೋಡ್‌ಗೆ ತಿರುಗಿಸಲು ನಾವು ಬಳಸಿದ ಪರಿವರ್ತಕ ಒಂದೊಂದು ಚೂರನ್ನೂ ಹಾಗೇ ತಿರುಗಿಸಿತ್ತು. ಆದ್ದರಿಂದ ಪಾಠದಿಂದ ನಕಲು ಮಾಡಿದ ಕೊಡ 12 ಬೈಟ್‌ನದು, ಕೀಲಿಮಣೆಯಲ್ಲಿ ಟೈಪ್ ಮಾಡಿದ ಕೊಡ 9 ಬೈಟ್‌ನದು. ಆ ಹುಡುಗಿ ಮೊದಲ ಸಾಲನ್ನು ಪಾಠದಿಂದ ಅಂಟಿಸಿದ್ದಳು. ಉಳಿದದ್ದನ್ನು ತಾನೇ ಟೈಪ್ ಮಾಡಿದ್ದಳು. ಎಲ್ಲ ಮಕ್ಕಳೂ ಮಾಡುವುದು ಇದನ್ನೇ.

ನಮ್ಮ ಟೆಸ್ಟ್‌ನಲ್ಲೂ ಅದೇ ಆಗಿತ್ತು. ಯಾರೋ ಪಾಠದಿಂದ ಅಂಟಿಸಿ, ಆಮೇಲೆ ಒಂದೆರಡು ಸಾಲು ಕೈಯಲ್ಲಿ ತಿದ್ದಿದ್ದರು. ಹಾಗಾಗಿ ಇಂಟರ್‌ಪ್ರೆಟರ್ ಒಳಗೆ ಎರಡು ಕೊಡ ಇದ್ದವು, ಒಂದರಲ್ಲಿ 5, ಇನ್ನೊಂದರಲ್ಲಿ 7. ಇಷ್ಟೇ ಆಗಿದ್ದರೆ ತಪ್ಪು ಪ್ರತಿ ಸಲವೂ ಒಂದೇ ಥರ ಕಾಣುತ್ತಿತ್ತು, ಬೇಗ ಸಿಗುತ್ತಿತ್ತು. ಆದರೆ ಹಿಂದಿನ ವರ್ಷ ಯಾರೋ "ಕೆಲಸದ ಒಳಗೆ ಹೆಸರು ಸಿಗ್ತಾ ಇಲ್ಲ" ಅನ್ನುವ ದೂರಿಗೆ ಒಂದು ತೇಪೆ ಹಾಕಿದ್ದರು. 'ಕೆಲಸ' ಕರೆದಾಗ ಹೊರಗಿನ ಹೆಸರುಗಳನ್ನೆಲ್ಲ ಹೊಸ ಮ್ಯಾಪ್‌ಗೆ ನಕಲು ಮಾಡುತ್ತೇವೆ. ಆ ನಕಲಿನ ಹೊತ್ತಿಗೆ ಮಾತ್ರ ಹೆಸರನ್ನು ಒಂದೇ ರೂಪಕ್ಕೆ ತರುವ ಸಾಲು ಸೇರಿಸಿದ್ದರು. ಎರಡು ಕೊಡಗಳೂ ಅಲ್ಲಿ ಒಂದೇ ಹೆಸರಿಗೆ ಬಂದು ಬೀಳುತ್ತವೆ. ಯಾವುದು ಕೊನೆಗೆ ಬಂತೋ ಅದರ ನೀರು ಉಳಿಯುತ್ತದೆ. ಮ್ಯಾಪ್‌ನ ಕ್ರಮ ಚೀಟಿಯ ಹಾಗೆ. ಅದಕ್ಕೇ ಎಂಟಕ್ಕೆ ಒಂದು ಸಲ ಐದು.

ಆ ತೇಪೆಯ ಜೊತೆ ಟೆಸ್ಟ್ ಬರೆದಿರಲಿಲ್ಲ. ಬರೆದಿದ್ದರೆ, ಸರಿಯಾದ ಜಾಗ ಯಾವುದು ಅನ್ನುವ ಪ್ರಶ್ನೆ ಅವತ್ತೇ ಏಳುತ್ತಿತ್ತು.

ನನಗೆ ಜಾಸ್ತಿ ನೋವಾದದ್ದು ಮುಂದಿನ ವಿಷಯಕ್ಕೆ. ಈ ಟೆಸ್ಟ್‌ನ ನಿರೀಕ್ಷಿತ ಔಟ್‌ಪುಟ್ ಇರುವ ಫೈಲಿನ ಹಳೆಯ ಬದಲಾವಣೆಗಳನ್ನು ತೆಗೆದು ನೋಡಿದೆವು. ಮೊದಲು 7 ಇತ್ತು. ಒಂದು ರಾತ್ರಿ ಅದು 5 ಆಗಿದೆ. ಮರುದಿನ ಮತ್ತೆ 7. ಎರಡಕ್ಕೂ ಬರೆದ ಟಿಪ್ಪಣಿ ಒಂದೇ: "ಟೆಸ್ಟ್ ಸರಿ ಮಾಡಿದ್ದು." ನಮ್ಮಲ್ಲಿ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಈಗ ಬಂದ ಔಟ್‌ಪುಟ್ಟೇ ಸರಿ ಅಂತ ಎಲ್ಲ ನಿರೀಕ್ಷಿತ ಫೈಲುಗಳೂ ಬದಲಾಗುತ್ತವೆ. ರಸ್ಟ್ ಭಾಷೆಯ ಕಂಪೈಲರ್ ತಂಡದಲ್ಲಿ ಇಂಥದ್ದಕ್ಕೆ 'ಬ್ಲೆಸ್' ಅನ್ನುತ್ತಾರೆ. ದೋಷ ತಿಳಿಸುವ ಸಂದೇಶದ ಪದ ಒಂದು ಬದಲಾದಾಗ ನೂರಾರು ಫೈಲು ಕೈಯಲ್ಲಿ ತಿದ್ದುವ ಬದಲು ಇದು ಒಳ್ಳೆಯ ಅನುಕೂಲವೇ. ಆದರೆ ಬದಲಾದ ಸಾಲುಗಳನ್ನು ಒಂದೊಂದಾಗಿ ಓದದೆ ಆಶೀರ್ವಾದ ಮಾಡಿದರೆ, ತಪ್ಪಿಗೇ ಆಶೀರ್ವಾದ ಮಾಡಿದ ಹಾಗೆ ಆಗುತ್ತದೆ. ಕೊಡದಲ್ಲಿ ಎಷ್ಟು ನೀರಿರಬೇಕು ಅಂತ ಲೆಕ್ಕ ಹಾಕಲು ಎರಡು ಸೆಕೆಂಡ್ ಸಾಕಿತ್ತು. ಯಾರೂ ಹಾಕಲಿಲ್ಲ.

ಬೀಳದ ಟೆಸ್ಟ್

ಸರಿಪಡಿಸುವ ಮುಂಚೆ ಟೆಸ್ಟ್ ಬರೆಯಬೇಕು ಅಂತ ತೀರ್ಮಾನಿಸಿದೆವು. ಯಾದಗಿರಿಯ ಕಡೆಯಿಂದಲೇ ಬಂದ ಒಬ್ಬ ವಿದ್ಯಾರ್ಥಿನಿ ಈ ಕೆಲಸ ತೆಗೆದುಕೊಂಡಳು. ಬಹಳ ನಿಧಾನ, ಬಹಳ ಜೋಪಾನ. ಅವಳು ಮೊದಲು ಆ ನಲವತ್ತು ಸಾಲನ್ನು ಕಡಿಮೆ ಮಾಡುತ್ತಾ ಹೋದಳು. ಒಂದು ಸಾಲು ತೆಗೆಯುವುದು, ಓಡಿಸುವುದು, ತಪ್ಪು ಇನ್ನೂ ಇದೆಯಾ ನೋಡುವುದು. ಸಿ ಭಾಷೆಯ ಕಂಪೈಲರ್ ದೋಷಗಳಿಗೆ ಹೀಗೆ ತಾನಾಗಿಯೇ ಕತ್ತರಿಸಿ ಕೊಡುವ ಸಿ-ರೆಡ್ಯೂಸ್ ಅನ್ನುವ ಸಾಧನವೇ ಇದೆ. ನಮ್ಮ ಭಾಷೆಗೆ ಅವಳ ಕೈಯೇ ಸಾಧನ. 'ಕೆಲಸ'ದ ಕರೆಯನ್ನೂ ತೆಗೆದಾಗ ಉಳಿದದ್ದು ಮೂರು ಸಾಲು:

ಕೊಡ = 5
ಕೊಡ = 7
ಬರೆ ಕೊಡ

ಮೊದಲನೇ ಸಾಲಿನ ಕೊಡ ಮತ್ತು ಮೂರನೇ ಸಾಲಿನ ಕೊಡ ಪಾಠದವು, ನಡುವಿನದು ಟೈಪ್ ಮಾಡಿದ್ದು. ಈ ರೂಪದಲ್ಲಿ ಚೀಟಿ ಎತ್ತುವ ಪ್ರಶ್ನೆಯೇ ಇಲ್ಲ. ನಕಲು ಇಲ್ಲ, ಮ್ಯಾಪ್ ಓದುವುದಿಲ್ಲ. ಹಳೆಯ ಕೋಡಿನಲ್ಲಿ ಪ್ರತಿ ಸಲವೂ 5 ಬರುತ್ತದೆ, ಬರಬೇಕಾದದ್ದು 7. ಎಂಟಕ್ಕೊಮ್ಮೆ ಬೀಳುತ್ತಿದ್ದ ಟೆಸ್ಟ್ ಎಂಟಕ್ಕೆ ಎಂಟೂ ಸಲ ಬೀಳುವ ಹಾಗೆ ಆಯಿತು.

ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಹಳೆಯ ಟೆಸ್ಟನ್ನೇ ಇಟ್ಟುಕೊಂಡು, "ಒಂದಲ್ಲ, ಇಪ್ಪತ್ತು ಸಲ ಓಡಿಸೋಣ" ಅಂದಿದ್ದರೂ ನೂರಕ್ಕೆ ಸುಮಾರು ಏಳು ಬಾರಿ ಇಪ್ಪತ್ತೂ ಸಲ ಹಸಿರೇ ಬಂದು ತಪ್ಪು ನುಸುಳಿ ಹೋಗುತ್ತಿತ್ತು. ಟೆಸ್ಟನ್ನು ತಪ್ಪಿನ ಬುಡಕ್ಕೆ ಹತ್ತಿರ ಒಯ್ದರೆ ಒಂದೇ ಸಲ ಸಾಕು.

ಆದರೆ ಇಲ್ಲಿ ಇನ್ನೊಂದು ಎಡವಟ್ಟು ಆಯಿತು. ಈ ಮೂರು ಸಾಲನ್ನು ಅವಳು ಟೆಸ್ಟ್ ಫೈಲಿನಲ್ಲಿ ಅಚ್ಚುಕಟ್ಟಾಗಿ ಮತ್ತೆ ಟೈಪ್ ಮಾಡಿದಳು. ಓಡಿಸಿದಳು. ಹಸಿರು! ಇನ್ನೂ ಯಾವ ತಪ್ಪೂ ಸರಿಪಡಿಸಿಲ್ಲ, ಹಸಿರು ಹೇಗೆ ಬಂತು? ಪಾಪ, ಗಾಬರಿಯಾಗಿ ನನ್ನ ಹತ್ತಿರ ಬಂದಳು. "ಮೇಡಂ, ನಾ ಏನೂ ಮಾಡಿಲ್ರಿ, ತಾನೇ ಸರಿ ಆಗ್ಯದ."

ತಾನೇ ಸರಿ ಆಗಿರಲಿಲ್ಲ. ಟೈಪ್ ಮಾಡಿದಾಗ ಮೂರೂ ಕೊಡಗಳು 9 ಬೈಟ್‌ನವೇ ಆಗಿದ್ದವು. ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಅವಳು ಸರಿಪಡಿಸುವ ಮುಂಚೆ ಓಡಿಸಿದ್ದರಿಂದ ಇದು ಸಿಕ್ಕಿತು. ಸರಿಪಡಿಸಿದ ಮೇಲೆ ಟೆಸ್ಟ್ ಬರೆದಿದ್ದರೆ ಹಸಿರು ನೋಡಿ ಖುಷಿಯಾಗಿ ಚಹಾ ಕುಡಿಯಲು ಹೋಗುತ್ತಿದ್ದೆವು. ಆ ಟೆಸ್ಟ್ ವರ್ಷಗಟ್ಟಲೆ ಹಸಿರಾಗಿ ಕೂತಿರುತ್ತಿತ್ತು, ತಪ್ಪು ವಾಪಸ್ ಬಂದರೂ.

ಈ ಪ್ರಕರಣದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಈಗ ನಮ್ಮಲ್ಲಿ ರಿಗ್ರೆಶನ್ ಟೆಸ್ಟ್ ಒಪ್ಪಿಸುವವರು ಎರಡು ಔಟ್‌ಪುಟ್ ತೋರಿಸಬೇಕು. ಹಳೆಯ ಕೋಡಿನಲ್ಲಿ ಅದು ಬಿದ್ದದ್ದು, ಹೊಸ ಕೋಡಿನಲ್ಲಿ ನಿಂತದ್ದು. ಬಿದ್ದದ್ದೂ ನಾವು ಹೇಳುವ ಕಾರಣಕ್ಕೇ ಬಿದ್ದಿರಬೇಕು. 7ರ ಬದಲು 5 ಬಂದು ಬೀಳಬೇಕು. 'ಫೈಲ್ ಸಿಗಲಿಲ್ಲ' ಅಂತ ಬಿದ್ದರೆ ಅದು ಲೆಕ್ಕಕ್ಕಿಲ್ಲ.

ಅವಳು ಆಮೇಲೆ ಟೆಸ್ಟನ್ನು ಬೇರೆ ಥರ ಬರೆದಳು. ಎರಡು ಕೊಡಗಳನ್ನೂ ಅಕ್ಷರದಲ್ಲಿ ಬರೆಯದೆ, ಸಂಕೇತ ಸಂಖ್ಯೆಗಳಿಂದ ಜೋಡಿಸಿ ಪ್ರೋಗ್ರಾಂ ತಯಾರಿಸುವ ಹಾಗೆ ಮಾಡಿದಳು. ಈಗ ಓದುವವರಿಗೂ ಎರಡೂ ಬೇರೆ ಅಂತ ಕಣ್ಣಿಗೆ ಕಾಣುತ್ತದೆ. ಯಾರ ಎಡಿಟರೂ, ಯಾರ ನಕಲು-ಅಂಟಿಸುವಿಕೆಯೂ ಅದನ್ನು ಸದ್ದಿಲ್ಲದೆ ಬದಲಾಯಿಸಲಾರದು. ಮೇಲೆ ಎರಡು ಸಾಲಿನ ಟಿಪ್ಪಣಿ: ಈ ಟೆಸ್ಟ್ ಯಾಕಿದೆ, ಯಾವ ಶಾಲೆಯ ಯಾವ ದೂರಿನಿಂದ ಬಂತು.

ಕೊನೆಗೆ ಭಾಷೆಯನ್ನು ಸರಿಪಡಿಸುವುದು ಒಂದೇ ಗಂಟೆಯ ಕೆಲಸ. ಪ್ರೋಗ್ರಾಮನ್ನು ಪದಗಳಾಗಿ ಒಡೆಯುವ ಮೊದಲ ಹಂತದಲ್ಲೇ ಪ್ರತಿ ಹೆಸರನ್ನೂ ಯೂನಿಕೋಡ್ ಹೇಳುವ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದೆವು. ಹಳೆಯ ತೇಪೆಯನ್ನು ಕಿತ್ತು ಹಾಕಿದೆವು. ಪೈಥಾನ್ ಕೂಡ ಹೆಸರುಗಳನ್ನು ಹೀಗೆ ಒಂದು ರೂಪಕ್ಕೆ ತರುತ್ತದೆ, ಅದು ಆರಿಸಿಕೊಂಡ ರೂಪ ಎನ್‌ಎಫ್‌ಕೆಸಿ. ಗೋ ಮಾಡುವುದಿಲ್ಲ, ಮಾಡುವುದಿಲ್ಲ ಅಂತ ಅದರ ನಿಯಮ ಪುಸ್ತಕದಲ್ಲೇ ಬರೆದಿದೆ. ನಾವು ಗೋ ಮೇಲೆ ಕಟ್ಟಿದ್ದರಿಂದ ಅದರ ನಡತೆ ನಮಗೆ ಹೇಳದೆ ಕೇಳದೆ ಬಂದುಬಿಟ್ಟಿತ್ತು. ಉದ್ಧರಣ ಚಿಹ್ನೆಯ ಒಳಗಿನ ಪಠ್ಯವನ್ನು ಮಾತ್ರ ಮುಟ್ಟಬಾರದು ಅಂತ ತೀರ್ಮಾನಿಸಿದೆವು. ಮಗು ಬರೆದದ್ದು ಬರೆದ ಹಾಗೇ ಇರಬೇಕು. ಅದಕ್ಕೂ ಒಂದು ಟೆಸ್ಟ್ ಬಂತು.

ನೋಟ್‌ಬುಕ್ಕಿನ ಉಳಿದ ಪುಟಗಳು

ಎರಡು ವಾರದ ಕೊನೆಗೆ ನೋಟ್‌ಬುಕ್ ಓದಿದಾಗ ಹೊಯ್ದಾಡುವ ಟೆಸ್ಟ್‌ಗಳಿಗೆಲ್ಲ ಒಂದೊಂದು ಕಾರಣ ಇತ್ತು. 'ಸುಮ್ನೆ ಬಿತ್ತು' ಅನ್ನುವಂಥದ್ದು ಒಂದೂ ಇರಲಿಲ್ಲ.

ಬೀದರಿನ ಹುಡುಗನ ಲ್ಯಾಪ್‌ಟಾಪಿನಲ್ಲಿ ಮಾತ್ರ 'ಇಂದು' ಅನ್ನುವ ಟೆಸ್ಟ್ ಬೀಳುತ್ತಿತ್ತು. ಅವನ ಲ್ಯಾಪ್‌ಟಾಪೇ ಸರಿ ಇಲ್ಲ ಅಂತ ಎಲ್ಲರೂ ಅವನನ್ನು ಕಾಡಿಸುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಗಂಟೆ ನೋಡಿದರೆ: ರಾತ್ರಿ 12:20, 1:45, 4:50. ಹಾಸ್ಟೆಲ್ಲಿನ ಗಲಾಟೆ ಅಡಗಿದ ಮೇಲೆ ಅವನು ಕೆಲಸ ಮಾಡುತ್ತಿದ್ದ. ನಮ್ಮ ಇಂಟರ್‌ಪ್ರೆಟರ್ ದಿನಾಂಕವನ್ನು ಯುಟಿಸಿ ಅನ್ನುವ ಜಾಗತಿಕ ಸಮಯದ ಲೆಕ್ಕದಲ್ಲಿ ತೆಗೆಯುತ್ತಿತ್ತು, ಟೆಸ್ಟ್ ಅದು ಓಡುವ ಕಂಪ್ಯೂಟರಿನ ಲೆಕ್ಕದಲ್ಲಿ, ಅಂದರೆ ಅವನ ಲ್ಯಾಪ್‌ಟಾಪಿನಲ್ಲಿ ಭಾರತದ ಲೆಕ್ಕದಲ್ಲಿ. ನಾವು ಐದೂವರೆ ಗಂಟೆ ಮುಂದೆ. ಆದ್ದರಿಂದ ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ನಮ್ಮ ಭಾಷೆಗೆ ಇನ್ನೂ ನಿನ್ನೆಯೇ. ಕ್ಲೌಡ್‌ನಲ್ಲಿದ್ದ ಟೆಸ್ಟ್ ಯಂತ್ರ ಪೂರ್ತಿ ಯುಟಿಸಿಯಲ್ಲಿತ್ತು, ಅಲ್ಲಿ ಎಂದೂ ಬೀಳುತ್ತಿರಲಿಲ್ಲ. ತಪ್ಪು ಇದ್ದದ್ದು ಭಾಷೆಯಲ್ಲಿ, ಬೈಸಿಕೊಂಡದ್ದು ಹುಡುಗ. ಅವನ ಹತ್ತಿರ ಎಲ್ಲರೂ ಕ್ಷಮೆ ಕೇಳಿದೆವು. ಈಗ ಟೆಸ್ಟ್‌ಗಳಲ್ಲಿ ನಿಜವಾದ ಗಡಿಯಾರ ಇಲ್ಲ. ಟೆಸ್ಟ್ ತಾನೇ ಒಂದು ಸಮಯ ಮತ್ತು ಒಂದು ಕಾಲವಲಯ ಕೊಡುತ್ತದೆ, ಇಂಟರ್‌ಪ್ರೆಟರ್ ಅದನ್ನೇ ನಂಬುತ್ತದೆ. ರಾತ್ರಿ 12:20, ಫೆಬ್ರವರಿ 29, ವರ್ಷದ ಕೊನೆಯ ದಿನ, ಇವುಗಳನ್ನು ಹಗಲು ಹನ್ನೊಂದಕ್ಕೂ ಪರೀಕ್ಷಿಸಬಹುದು.

'ನಿಲ್ಲು' ಆಜ್ಞೆಯ ಟೆಸ್ಟ್ ಮಧ್ಯಾಹ್ನಗಳಲ್ಲಿ ಬೀಳುತ್ತಿತ್ತು. 100 ಮಿಲಿಸೆಕೆಂಡ್ ನಿಲ್ಲು ಅಂದರೆ 120ರೊಳಗೆ ಮುಗಿಯಬೇಕು ಅಂತ ಬರೆದಿದ್ದೆವು. ಬಿಸಿಯಾದ ಕಂಪ್ಯೂಟರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಪಕ್ಕದಲ್ಲಿ ಇನ್ನೇನೋ ಓಡುತ್ತಿರುತ್ತದೆ. ಯೋಚಿಸಿ ನೋಡಿದರೆ ನಮ್ಮ ಭಾಷೆ 120ರ ಮಾತನ್ನು ಯಾರಿಗೂ ಕೊಟ್ಟಿಲ್ಲ. ಹೇಳಿದ್ದಕ್ಕಿಂತ ಬೇಗ ಎದ್ದೇಳುವುದಿಲ್ಲ ಅಂತ ಮಾತ್ರ ಹೇಳಬಲ್ಲದು. ಟೆಸ್ಟ್ ಈಗ ಅಷ್ಟನ್ನೇ ಕೇಳುತ್ತದೆ.

ಕರೆಂಟ್ ಹೋಗಿ ಬಂದ ಮೇಲಿನ ಮೊದಲ ಓಟದಲ್ಲಿ ಫೈಲ್ ಟೆಸ್ಟ್‌ಗಳು ಬೀಳುತ್ತಿದ್ದವು. ಒಂದು ಟೆಸ್ಟ್ 'ಹಾಜರಿ' ಅನ್ನುವ ಫೈಲ್ ಬರೆದು ಕೊನೆಗೆ ಅಳಿಸುತ್ತಿತ್ತು. ನಡುವೆ ಕರೆಂಟ್ ಹೋದರೆ ಅಳಿಸುವವರು ಯಾರು? ಈಗ ಪ್ರತಿ ಟೆಸ್ಟ್‌ಗೂ ತನ್ನದೇ ಖಾಲಿ ತಾತ್ಕಾಲಿಕ ಫೋಲ್ಡರ್. ಹಿಂದಿನ ಟೆಸ್ಟ್ ಬಿಟ್ಟುಹೋದದ್ದನ್ನು ಮುಂದಿನದು ಉಣ್ಣಬಾರದು ಅಂತ ಟೆಸ್ಟ್‌ಗಳನ್ನು ಪ್ರತಿ ಸಲ ಬೇರೆ ಕ್ರಮದಲ್ಲಿ ಓಡಿಸುತ್ತೇವೆ. ಗೋದಲ್ಲಿ 1.17ರಿಂದ ಇದಕ್ಕೆ ಶಫಲ್ ಅನ್ನುವ ಆಯ್ಕೆ ಇದೆ. ಯಾವ ಬೀಜಸಂಖ್ಯೆಯಿಂದ ಕಲಸಿತು ಅಂತಲೂ ಅದು ಹೇಳುತ್ತದೆ. ಅದೇ ಸಂಖ್ಯೆ ಕೊಟ್ಟರೆ ಅದೇ ಕ್ರಮ ಮತ್ತೆ ಸಿಗುತ್ತದೆ. ಆ ಸಂಖ್ಯೆ ಬರೆದಿಡದೆ ಕಲಸಿದರೆ ಮತ್ತೆ ಹಳೇ ಕಥೆ.

ಕರ್ನಾಟಕದ ಜಿಲ್ಲೆಗಳನ್ನು ಎಣಿಸುವ ಒಂದು ಟೆಸ್ಟ್ ಇಂಟರ್ನೆಟ್ಟಿನಿಂದ ಪಟ್ಟಿ ತರುತ್ತಿತ್ತು. ನೆಟ್ ಹೋದರೆ ಕೆಂಪು. ನೆಟ್ ಇದ್ದರೂ, ಹೊಸ ಜಿಲ್ಲೆ ಆದ ದಿನ ಕೆಂಪು. ಯಾದಗಿರಿ 30ನೇ ಜಿಲ್ಲೆ ಆಯಿತು, ವಿಜಯನಗರ 2021ರಲ್ಲಿ 31ನೆಯದು. ಗುಲ್ಬರ್ಗಾ 2014ರಲ್ಲಿ ಕಲಬುರಗಿ ಆಯಿತು, ಅಕಾರಾದಿ ಕ್ರಮವೂ ಬದಲಾಯಿತು. ಇದ್ಯಾವುದೂ ನಮ್ಮ ಭಾಷೆ ಮಾಡಿದ ತಪ್ಪಲ್ಲ. ಪಟ್ಟಿಯನ್ನು ಟೆಸ್ಟ್ ಫೈಲಿನೊಳಗೇ ಇಟ್ಟೆವು.

ವಿಂಡೋಸ್ ಕಂಪ್ಯೂಟರುಗಳಲ್ಲಿ ಸಾಲಿನ ಕೊನೆಯ ಗುರುತು ಬೇರೆ ಆಗಿ ಬಿದ್ದವೂ ಇದ್ದವು. ಅದು ಅರ್ಧ ದಿನದ ಕೆಲಸ.

ಜಾಸ್ತಿ ಹೊತ್ತು ವಾದ ಆದದ್ದು 'ಪಟ್ಟಿಕೋಶ'ದ ಮೇಲೆ. ಹೆಸರು-ಬೆಲೆ ಜೋಡಿಗಳನ್ನು ಇಡುವ ನಮ್ಮ ಭಾಷೆಯ ಸೌಕರ್ಯ ಅದು. ಅದನ್ನು ಪೂರ್ತಿ 'ಬರೆ' ಅಂದರೆ ಜೋಡಿಗಳು ಪ್ರತಿ ಸಲ ಬೇರೆ ಕ್ರಮದಲ್ಲಿ ಬರುತ್ತಿದ್ದವು. ಒಳಗೆ ಗೋದ ಮ್ಯಾಪ್ ಇತ್ತಲ್ಲ. ಒಬ್ಬ ಹುಡುಗ ಸುಲಭದ ದಾರಿ ಹೇಳಿದ: ಟೆಸ್ಟ್‌ನಲ್ಲಿ ಔಟ್‌ಪುಟ್ಟನ್ನು ಅಕಾರಾದಿಯಾಗಿ ಜೋಡಿಸಿಕೊಂಡು ಹೋಲಿಸೋಣ. ಟೆಸ್ಟ್ ಹಸಿರಾಗುತ್ತಿತ್ತು, ನಿಜ. ಆದರೆ ಶಾಲೆಯಲ್ಲಿ ಮಗು ಏನು ನೋಡುತ್ತದೆ? ಮೇಷ್ಟ್ರ ಪರದೆಯಲ್ಲಿ ಒಂದು ಕ್ರಮ, ತನ್ನದರಲ್ಲಿ ಇನ್ನೊಂದು. ತಾನೇ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ.

ಇಲ್ಲಿ ಹೊಯ್ದಾಡುತ್ತಿದ್ದದ್ದು ನಮ್ಮ ತೀರ್ಮಾನವೇ. ಕ್ರಮದ ಬಗ್ಗೆ ಭಾಷೆ ಏನು ಮಾತು ಕೊಡುತ್ತದೆ ಅಂತ ನಾವು ಎಂದೂ ಕೂತು ಯೋಚಿಸಿರಲಿಲ್ಲ. ದೊಡ್ಡ ಭಾಷೆಗಳೂ ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಗೋ ಕ್ರಮ ಇಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತದೆ. ಪೈಥಾನ್ 2018ರಲ್ಲಿ ಬಂದ 3.7ರಿಂದ, ಸೇರಿಸಿದ ಕ್ರಮದಲ್ಲೇ ಡಿಕ್ಷನರಿ ಇರುತ್ತದೆ ಅಂತ ಮಾತು ಕೊಟ್ಟಿದೆ. ಎರಡೂ ಸರಿ, ಬರೆದಿಟ್ಟಿದ್ದಾರಲ್ಲ. ನಾವು ಮಕ್ಕಳನ್ನು ನೆನೆದು ಸೇರಿಸಿದ ಕ್ರಮ ಅಂತ ಆರಿಸಿದೆವು. ಭಾಷೆಯ ಕೈಪಿಡಿಯಲ್ಲಿ ಒಂದು ಸಾಲು ಬರೆದೆವು, ಒಳಗಿನ ರಚನೆ ಬದಲಾಯಿಸಿದೆವು, ಟೆಸ್ಟ್ ಆ ಸಾಲನ್ನು ಕಾಯುತ್ತದೆ. ಈಗ ಯಾವ ಟೆಸ್ಟ್ ಬಂದರೂ ನಾನು ಕೇಳುವುದು ಒಂದೇ: ಕೈಪಿಡಿಯ ಯಾವ ಸಾಲಿಗೆ ಇದು ಕಾವಲು? ಸಾಲು ಇಲ್ಲದಿದ್ದರೆ ಮೊದಲು ಸಾಲು ಬರೆಯೋಣ, ಇಲ್ಲಾ ಟೆಸ್ಟ್ ಬಿಡೋಣ.

ದೋಷ ಸಂದೇಶಗಳ ಟೆಸ್ಟ್‌ಗಳಲ್ಲಿ ಇದರ ಉಲ್ಟಾ ಕಾಯಿಲೆ ಇತ್ತು. ಸಂದೇಶದಲ್ಲಿ ಫೈಲಿನ ಪೂರ್ತಿ ವಿಳಾಸ ಬರುತ್ತಿತ್ತು, ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು. ಪಿಎಚ್‌ಪಿಯ ಟೆಸ್ಟ್ ಫೈಲುಗಳಲ್ಲಿ 'ಇಲ್ಲಿ ಯಾವುದೋ ಅಂಕಿ', 'ಇಲ್ಲಿ ಯಾವುದೋ ಪಠ್ಯ' ಅಂತ ಗುರುತು ಹಾಕುವ ಸೌಲಭ್ಯ ಇದೆ. ಅದನ್ನು ನೋಡಿ ನಾವೂ ಮಾಡಿಕೊಂಡಿದ್ದೆವು. ಆದರೆ ಕೈ ಸಡಿಲ ಬಿಟ್ಟು 'ಯಾವುದೋ ಪಠ್ಯ'ವನ್ನು ಎಲ್ಲೆಂದರಲ್ಲಿ ಹಾಕಿದ್ದೆವು. ಒಂದು ಟೆಸ್ಟ್‌ನಲ್ಲಿ 'ತಪ್ಪು:' ಅನ್ನುವ ಪದ ಬಿಟ್ಟರೆ ಉಳಿದದ್ದೆಲ್ಲ 'ಯಾವುದೋ ಪಠ್ಯ'. ಇಂಟರ್‌ಪ್ರೆಟರೇ ಕುಸಿದು 'ತಪ್ಪು: ಒಳಗಿನ ದೋಷ' ಅಂದರೂ ಅದು ಹಸಿರು. ಅಂಥವನ್ನು ಹುಡುಕಿ ಬಿಗಿ ಮಾಡಲು ಮೂರು ದಿನ ಹಿಡಿಯಿತು. ಸಾಲಿನ ಸಂಖ್ಯೆ ಮತ್ತು ಸಂದೇಶದ ಮಾತು ಅಕ್ಷರಶಃ ಇರಬೇಕು, ಫೋಲ್ಡರಿನ ವಿಳಾಸ ಮಾತ್ರ ಬಿಡಬಹುದು. ಮಗುವಿಗೆ ತಪ್ಪು ಎಷ್ಟನೇ ಸಾಲಿನಲ್ಲಿದೆ ಅಂತ ಹೇಳುವುದು ನಮ್ಮ ಭಾಷೆಯ ಅತಿ ಮುಖ್ಯ ಕೆಲಸ. ಅದನ್ನು 'ಯಾವುದೋ' ಅಂತ ಬಿಡಲಾಗುತ್ತದಾ?

ಈಗ

ಮೇಷ್ಟ್ರಿಗೆ ಹೊಸ ಆವೃತ್ತಿ ಕಳಿಸಿ ಫೋನ್ ಮಾಡಿದೆ. ಆ ಹುಡುಗಿಗೆ ಫೋನ್ ಕೊಡಲು ಹೇಳಿ, ತಪ್ಪು ನಿನ್ನದಲ್ಲವ್ವ, ನಮ್ಮದು ಅಂತ ಹೇಳಿದೆ. ಅವಳು ಕೇಳಿದ್ದು: "ಮತ್ತ ನಾ ಅಂಟಿಸಿದ್ದು ತಪ್ಪೇನ್ರಿ?" ಅಲ್ಲ ಅಂದೆ. ನೀನು ಅಂಟಿಸಿದ್ದರಿಂದಲೇ ಸಿಕ್ಕಿತು ಅಂದೆ.

ಎರಡನೇ ಸಲ ಒತ್ತಬಾರದು ಅನ್ನುವ ನಿಯಮ ಎರಡು ವಾರಕ್ಕೆ ಅಂತ ಮಾಡಿದ್ದು, ಹಾಗೇ ಉಳಿದುಕೊಂಡಿದೆ. ಸರಿಪಡಿಸಲು ಹೊತ್ತಿಲ್ಲದ ಟೆಸ್ಟ್ ಇದ್ದರೆ 'ಬಾಕಿ' ಅನ್ನುವ ಫೋಲ್ಡರಿಗೆ ಹೋಗುತ್ತದೆ. ಅದರ ತಲೆಯಲ್ಲಿ ಕಾರಣ, ತಾರೀಖು, ಯಾರ ಜವಾಬ್ದಾರಿ ಅಂತ ಬರೆದಿರಬೇಕು. ಸೋಮವಾರ ಬೆಳಿಗ್ಗೆ ಆ ಫೋಲ್ಡರ್ ತೆರೆದು ಓದುತ್ತೇವೆ.

ಸದ್ಯ ಅದರಲ್ಲಿ ಒಂದೇ ಟೆಸ್ಟ್ ಇದೆ. 'ರ‍್ಯಾಂಕ್' ಅನ್ನುವ ಹೆಸರು. ಅದನ್ನು ಹೀಗೆ ಬರೆಯಬೇಕಾದರೆ 'ರ' ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು. ಹಾಕದಿದ್ದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತದೆ. ಮಕ್ಕಳು ಎರಡನ್ನೂ ಬರೆಯುತ್ತಾರೆ, ಒಂದೇ ಪದ ಅಂದುಕೊಂಡೇ ಬರೆಯುತ್ತಾರೆ. ಎನ್‌ಎಫ್‌ಸಿ ಈ ಜೋಡಕವನ್ನು ತೆಗೆಯುವುದಿಲ್ಲ. ಎರಡೂ ಒಂದೇ ಹೆಸರು ಅನ್ನೋಣವಾ, ಬೇರೆ ಅನ್ನೋಣವಾ? ಯಾದಗಿರಿ ಕಡೆಯ ನಮ್ಮ ವಿದ್ಯಾರ್ಥಿನಿ ಒಂದೇ ಅನ್ನುತ್ತಾಳೆ, ಬೀದರಿನ ಹುಡುಗ ಬೇರೆ ಅನ್ನುತ್ತಾನೆ. ಅವಳು ತನ್ನ ವಾದದ ಪ್ರಕಾರ ಟೆಸ್ಟ್ ಬರೆದಿಟ್ಟಿದ್ದಾಳೆ, ಸಂಕೇತ ಸಂಖ್ಯೆಗಳಲ್ಲೇ. ನೂರು ಸಲ ಓಡಿಸಿದೆವು. ನೂರು ಸಲವೂ ಕೆಂಪು. ಕೈಪಿಡಿಯಲ್ಲಿ ಅದಕ್ಕೊಂದು ಖಾಲಿ ಸಾಲು ಬಿಟ್ಟಿದ್ದೇವೆ, ಬರುವ ಸೋಮವಾರ ಕೂತು ತುಂಬಬೇಕು.